ಅರ್ಥವಿಲ್ಲದ ಸದ್ದು

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಬೆಸುಗೆಯ ಸಹವಾಸವೇಕೆ ಎಂದು ಸಹಪಾಠಿಗಳು ನನ್ನನ್ನು ಕೇಳುವುದುಂಟು. ಉತ್ತರ ಸರಳ. ಕೊಳ್ಳಲು ಹಣವಿಲ್ಲದವನು ಮಾಡಿಕೊಳ್ಳಬೇಕು. ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ ಅದಕ್ಕಿಂತಲೂ ಹಳೆಯದಾದ ಒಂದು ಆಂಪ್ಲಿಫೈಯರನ್ನೂ ತಂದೆ. ಅಲ್ಲಿಗೆ ಗಂಟು ಕರಗಿತು. ಆಸೆ ಮಾತ್ರ ಕರಗಲಿಲ್ಲ. ನನಗೊಂದು ಫಜ್ ಪೆಡಲ್ ಬೇಕಾಗಿತ್ತು.

ಫಜ್ ಪೆಡಲ್ ಎಂದರೆ ತಂತಿಯ ನಯವಾದ ನಾದವನ್ನು ಬೇಕೆಂದೇ ಒರಟು ಮಾಡುವ, ಕಾಲಿನಿಂದ ಒತ್ತುವ ಒಂದು ಪುಟ್ಟ ಪೆಟ್ಟಿಗೆ. ಇದರ ಹುಟ್ಟೇ ಒಂದು ರಿಪೇರಿಯ ಕಥೆ. 1961ರಲ್ಲಿ ಹೊರಬಂದ, ಅಮೆರಿಕದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಎಂಬ ಹಾಡಿನ ಮುದ್ರಣದ ಹೊತ್ತಿಗೆ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರು ದುಂಬಿಯಂತೆ ಮೊರೆಯಿತು. ಜನ ಅದನ್ನೇ ಮೆಚ್ಚಿದರು. 1962ರಲ್ಲಿ ಆ ಮೊರೆತವನ್ನು ಬೇಕೆಂದಾಗ ಬರಿಸಿಕೊಳ್ಳಲು ‘ಮಾಯೆಸ್ಟ್ರೋ ಫಜ್-ಟೋನ್’ ಎಂಬ ಪೆಟ್ಟಿಗೆ ಮಾರುಕಟ್ಟೆಗೆ ಬಂತು.

ನಾನು ಎಸ್.ಪಿ. ರೋಡಿಗೆ ಹೋಗಿ ಎರಡು ಟ್ರಾನ್ಸಿಸ್ಟರು, ಒಂದು ಹಿಡಿ ರೆಸಿಸ್ಟರು, ಕೆಪಾಸಿಟರುಗಳನ್ನು ತಂದು, ನಕ್ಷೆ ನೋಡಿ ಬೆಸೆದು, ಪ್ಲಾಸ್ಟಿಕ್ಕಿನ ಸಾಬೂನು ಡಬ್ಬಿಯಲ್ಲಿ ಕೂರಿಸಿದೆ. ಸ್ವಿಚ್ ಒತ್ತಿದೆ. ಬೇಕಾದ ಮೊರೆತ ಬಂತು. ಅದರ ಹಿಂದೆಯೇ ಬೇಡದ ‘ಗುಂಯ್’ ಎಂಬ ಸದ್ದೂ ಬಂತು. ನುಡಿಸುವುದನ್ನು ನಿಲ್ಲಿಸಿದರೂ ಅದು ನಿಲ್ಲಲಿಲ್ಲ.

ಮೊದಲು ನನ್ನ ಅನುಮಾನ ಹೋದದ್ದು ಮೆಟ್ರೋ ರೈಲಿನ ಮೇಲೆ. 2011ರಿಂದ ಹಲಸೂರಿನ ನೆತ್ತಿಯ ಮೇಲೆ ಓಡುತ್ತಿರುವ ಆ ರೈಲಿಗೆ ಹಳಿಯ ಪಕ್ಕದಲ್ಲಿ 750 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಜೋಗುಪಾಳ್ಯದಲ್ಲಿ ಕುಳಿತು ಅದನ್ನು ದೂರುವುದು ಸುಲಭ. ಆದರೆ ಕೊನೆಯ ರೈಲು ಹೋದಮೇಲೆ, ನಡುರಾತ್ರಿಯಲ್ಲಿ ಕೇಳಿದರೂ ಸದ್ದು ಹಾಗೆಯೇ ಇತ್ತು. ತಪ್ಪು ನಮ್ಮ ಮನೆಯಲ್ಲಿಯೇ ಇದೆ ಎಂದು ಒಪ್ಪಿಕೊಳ್ಳಬೇಕಾಯಿತು.

ಆಮೇಲೆ ಒಂದೊಂದಾಗಿ ಸೋಸುತ್ತ ಬಂದೆ. ಗಿಟಾರಿನ ದನಿಯ ತಿರುಪನ್ನು ಸೊನ್ನೆಗೆ ಇಳಿಸಿದೆ. ಸದ್ದು ಸ್ವಲ್ಪ ತಗ್ಗಿತೇ ಹೊರತು ಹೋಗಲಿಲ್ಲ. ಹಾಗಾದರೆ ಅದರ ಹೆಚ್ಚಿನ ಪಾಲು ಗಿಟಾರಿನ ಈಚೆಯದು. ಪೆಡಲಿಗೆ ವಿದ್ಯುತ್ತು ಕೊಡುತ್ತಿದ್ದದ್ದು ಅಪ್ಪನ ಹಳೆಯ ರೇಡಿಯೋ ಎಲಿಮಿನೇಟರು. ಅದನ್ನು ಕಿತ್ತು 9 ವೋಲ್ಟಿನ ಬ್ಯಾಟರಿ ಹಾಕಿದೆ. ಗುಂಯ್‌ಗುಟ್ಟುವಿಕೆ ಅರ್ಧಕ್ಕೆ ಇಳಿಯಿತು! ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಎಲಿಮಿನೇಟರು ಅದನ್ನು ಪೂರ್ತಿ ಸಮಮಾಡದೆ, 100 ಸಲದ ಏರಿಳಿತವನ್ನು ಉಳಿಸಿ ಕಳಿಸುತ್ತಿತ್ತು. ದಾರಿಯಲ್ಲಿ ಒಂದು 100 ಓಂ ರೆಸಿಸ್ಟರನ್ನೂ ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಇಟ್ಟಾಗ ಎಲಿಮಿನೇಟರಿನಲ್ಲಿಯೂ ಆ ಭಾಗ ಅಡಗಿತು. ಪ್ಲಾಸ್ಟಿಕ್ ಡಬ್ಬಿ ಗಾಳಿಯಲ್ಲಿನ ವಿದ್ಯುತ್ ಗದ್ದಲವನ್ನು ತಡೆಯದೆಂದು ಓದಿ, ಅಮ್ಮನ ಹಳೆಯ ಅಲ್ಯೂಮಿನಿಯಂ ಬುತ್ತಿಡಬ್ಬಿಗೆ ತೂತು ಕೊರೆದು ಎಲ್ಲವನ್ನೂ ಅದಕ್ಕೆ ಸಾಗಿಸಿದೆ. ಇನ್ನಷ್ಟು ಇಳಿಯಿತು. ಅಮ್ಮನ ಮಾತು ಮಾತ್ರ ಏರಿತು.

ಆದರೂ ಒಂದು ಸದ್ದು ಉಳಿಯಿತು. ಅದರ ನಡತೆ ವಿಚಿತ್ರ. ತಂತಿಯ ಮೇಲೆ ಬೆರಳಿಟ್ಟರೆ ತಗ್ಗುವುದು, ತೆಗೆದರೆ ಏರುವುದು. ಹದಿನೈದು ದಿನ ಬೆಸುಗೆಗಳನ್ನು ಬಿಚ್ಚಿ ಮತ್ತೆ ಹಾಕಿದೆ. ಪರೀಕ್ಷೆಗೆ ಓದಬೇಕಾದ ರಾತ್ರಿಗಳು ಹೀಗೆ ಕಳೆದವು.

ಅಪ್ಪ ವೈರ್‌ಮನ್. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಕ್ಷೆ ಇಂಗ್ಲಿಷಿನಲ್ಲಿತ್ತು, ಅದು ಅವರಿಗೇನು ತಿಳಿದೀತು ಎಂದು ನಾನು ಅವರನ್ನು ಕೇಳಿರಲೇ ಇಲ್ಲ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಒಂದು ರಾತ್ರಿ ಅವರೇ ಬಂದು ಬಾಗಿಲಲ್ಲಿ ನಿಂತರು.

“ಏನೋ ಇದು, ಜೀರುಂಡೆ ಸಾಕಿದ್ದೀಯಾ?”

ವಿವರಿಸಿದೆ.

“ಅಂದರೆ ಒಂದು ಬೇಕಾದ ಗಲಾಟೆ, ಇನ್ನೊಂದು ಬೇಡದ ಗಲಾಟೆ. ಆಗಲಿ. ತಂತಿ ಮುಟ್ಟಿದರೆ ತಗ್ಗುತ್ತೆ ಅಂದೆಯಲ್ಲ, ಕೈಗೆ ಜುಮ್ ಅನ್ನುತ್ತಾ?”

“ಒಂದೊಂದು ಸಲ ಅಪ್ಪ. ನೆಲ ಒರೆಸಿದಮೇಲೆ ಬರಿಗಾಲಲ್ಲಿ ನಿಂತರೆ.”

ಅವರ ಮುಖದ ನಗು ಹೋಯಿತು. ಮೊದಲು ಪ್ಲಗ್ಗನ್ನು ಕಿತ್ತರು. ಚೀಲದಿಂದ ಟೆಸ್ಟ್ ಲ್ಯಾಂಪ್ ತಂದು ಗೋಡೆಯ ಸಾಕೆಟ್ಟಿಗೆ ಹಿಡಿದರು. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದಾಗ ಬಲ್ಬು ಉರಿಯಿತು. ಫೇಸಿಗೂ ಮೇಲಿನ ದೊಡ್ಡ ತೂತಿಗೂ ಹಿಡಿದಾಗ ಉರಿಯಲಿಲ್ಲ. ಮೇನ್ ಇಳಿಸಿ ಬೋರ್ಡು ಬಿಚ್ಚಿದರು. ಹಸಿರು ತಂತಿಯ ತುದಿ ಯಾವುದಕ್ಕೂ ಸೇರದೆ, ಸುರುಳಿ ಸುತ್ತಿಕೊಂಡು ಗೋಡೆಯೊಳಗೆ ಕುಳಿತಿತ್ತು.

“ಅರ್ಥ್ ಇಲ್ಲ ಕಣೋ” ಎಂದರು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅರ್ಥವಾಗದಿದ್ದದ್ದು ‘ಅರ್ಥ್’ ಶಾಸ್ತ್ರದ ಪಂಡಿತರಿಗೆ ಹತ್ತು ನಿಮಿಷದಲ್ಲಿ ಅರ್ಥವಾಗಿತ್ತು. ನೆಲದ ಆಸರೆಯಿಲ್ಲದ ಆಂಪ್ಲಿಫೈಯರಿನ ಲೋಹದ ಮೈಗೆ ವಿದ್ಯುತ್ತು ಸ್ವಲ್ಪ ಸ್ವಲ್ಪವೇ ಸೋರುತ್ತಿತ್ತು. ಕೇಬಲ್ಲಿನ ಹೊರತಂತಿಯ ಮೂಲಕ ಅದು ಗಿಟಾರಿನ ತಂತಿಗಳಿಗೂ ಬರುತ್ತಿತ್ತು. ನಾನು ಅಡಗಿಸಲು ಹೆಣಗಿದ ಸದ್ದು ನನ್ನನ್ನು ಎಚ್ಚರಿಸುತ್ತಿದ್ದ ಸದ್ದು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ಥ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟದ್ದನ್ನು ಆಮೇಲೆ ಓದಿ ತಿಳಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪ ನಮ್ಮ ವಠಾರದ ನಾಲ್ಕು ಮನೆಗಳನ್ನೂ ನೋಡಿ ಬಂದರು. ಎಲ್ಲಿಯೂ ಅರ್ಥ್ ಇರಲಿಲ್ಲ. ಗ್ರೈಂಡರು ಜುಮ್ ಎನ್ನುತ್ತದೆಂದು ಅಮ್ಮ ಎಷ್ಟೋ ವರ್ಷದಿಂದ ಚಪ್ಪಲಿ ಮೆಟ್ಟಿಕೊಂಡು ಹಿಟ್ಟು ರುಬ್ಬುತ್ತಿದ್ದರು. ಅದು ಯಂತ್ರದ ಗುಣವೆಂದೇ ತಿಳಿದಿದ್ದೆವು. ಅಪ್ಪ ಜಗಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದರು. “ಊರಿಗೆಲ್ಲ ಅರ್ಥ್ ಹಾಕಿ ಬಂದೆ. ನಿಮ್ಮಮ್ಮ ಚಪ್ಪಲಿ ಹಾಕ್ಕೊಳ್ಳೋದು ದಿನಾ ನೋಡ್ತಿದ್ದೆ, ಯಾಕೆ ಅಂತ ಕೇಳಲಿಲ್ಲ” ಎಂದರು. ಇಂಗ್ಲಿಷ್ ನಕ್ಷೆ ಹಿಡಿದು ಅವರನ್ನು ಕೇಳದೆ ಕುಳಿತಿದ್ದ ನನಗೂ ಆ ಮಾತು ತಾಗಿತು.

ಮುಂದಿನ ಭಾನುವಾರ ಮನೆಯ ಯಜಮಾನರಿಂದ ಕಬ್ಬಿಣದ ಪೈಪು ತರಿಸಿ, ಹಿತ್ತಲಲ್ಲಿ ಅಪ್ಪನೂ ನಾನೂ ಗುಂಡಿ ತೋಡಿದೆವು. ಪೈಪಿನ ಸುತ್ತ ಒಂದು ಪದರ ಇದ್ದಲು, ಒಂದು ಪದರ ಕಲ್ಲುಪ್ಪು ಹಾಕಿ ನೀರು ಹೊಯ್ದು ಮುಚ್ಚಿ, ನಾಲ್ಕು ಮನೆಗೂ ತಂತಿ ಎಳೆದೆವು. ನನ್ನಂತೆ ಮನೆಯಲ್ಲಿ ಪ್ರಯೋಗ ನಡೆಸುವ ಮಿತ್ರರಲ್ಲಿ ಒಂದು ಬಿನ್ನಹ: ಜುಮ್ ಎಂದರೆ ಪೆಡಲನ್ನು ಬಿಚ್ಚಬೇಡಿ, ಪ್ಲಗ್ಗನ್ನು ಕಿತ್ತು ಬಲ್ಲವರನ್ನು ಕರೆಯಿರಿ.

ಈಗ ಪೆಡಲಿನಲ್ಲಿ ಸಣ್ಣದೊಂದು ‘ಸುಯ್’ ಮಾತ್ರ ಉಳಿದಿದೆ. ರೆಸಿಸ್ಟರಿನ ಬಿಸುಪಿನಿಂದಲೇ ಹುಟ್ಟುವ ಸದ್ದು ಅದು. ಪೂರ್ತಿ ನೀಗಲು ಯಾರಿಂದಲೂ ಆಗದು. ಅಮ್ಮ ಬರಿಗಾಲಲ್ಲಿ ನಿಂತು ಹಿಟ್ಟು ರುಬ್ಬುತ್ತಾರೆ. ಅಂದು ಸಂಜೆ ಅಪ್ಪ, “ಎಲ್ಲಿ, ಆ ಬೇಕಾದ ಗಲಾಟೆ ಕೇಳಿಸು” ಎಂದರು. ನುಡಿಸಿದೆ. ಎರಡು ನಿಮಿಷ ಕೇಳಿ, “ಮೊದಲಿನದೇ ವಾಸಿಯಾಗಿತ್ತು” ಎಂದರು. ಆದರೂ ಎದ್ದು ಹೋಗಲಿಲ್ಲ.

— ಅಂತಿಮ ಬಿ.ಎ. ವಿದ್ಯಾರ್ಥಿ