ಒಂಟಿ ಪಿನ್ನಿಗೆ ಯಾವ ಚೆಂಡು?

ಬೌಲಿಂಗ್ ಅಂದ ಕೂಡಲೇ ನಮ್ಮ ಕಡೆಯವರಿಗೆ ಬುಮ್ರಾನೇ ನೆನಪಾಗೋದು. ನಾನು ಹೇಳ್ತಿರೋದು ಬಾಡಿಗೆ ಶೂ ಹಾಕ್ಕೊಂಡು, 60 ಅಡಿ ದೂರದ 10 ಪಿನ್ನುಗಳನ್ನ ಉರುಳಿಸೋ ಟೆನ್‌ಪಿನ್ ಬೌಲಿಂಗ್. ಬೆಂಗಳೂರಿಗೆ ಓದೋಕೆ ಬಂದ ಮೇಲೆ ನಮ್ಮ ಹಾಸ್ಟೆಲಿನ ನಾಲ್ವರಿಗೆ ಇದರ ಹುಚ್ಚು ಹಿಡಿಯಿತು. ನಾಲ್ವರೂ ಮಂಡ್ಯ ಜಿಲ್ಲೆ, ನಾಲ್ಕು ತಾಲ್ಲೂಕು. ಹೆಸರು ಹಿಡಿದು ಕರೆಯೋದು ನಿಂತು ಎಷ್ಟೋ ಕಾಲವಾಯ್ತು: ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲ, ನಾನು ಪಾಂಡವಪುರ.

ಮೊದಲ ಎಸೆತಕ್ಕೇ ಹತ್ತೂ ಬಿದ್ದರೆ ಸ್ಟ್ರೈಕ್. ಚಪ್ಪಾಳೆಯೆಲ್ಲ ಅದಕ್ಕೇ. ಉಳಿದದ್ದನ್ನು ಎರಡನೇ ಎಸೆತದಲ್ಲಿ ಕೆಡವಿದರೆ ಸ್ಪೇರ್: 10 ಅಂಕ, ಮೇಲೆ ಮುಂದಿನ ಎಸೆತಕ್ಕೆ ಬಿದ್ದಷ್ಟು. ಲೆಕ್ಕ ಹಾಕಿ ನೋಡಿ. ಹತ್ತು ಫ್ರೇಮಿನಲ್ಲೂ 9 ಬೀಳಿಸಿ ಒಂದೊಂದು ಬಿಟ್ಟರೆ ಒಟ್ಟು 90. ಆ ಒಂದೊಂದನ್ನೂ ಕೆಡವಿ, ಕೊನೆಯ ಹೆಚ್ಚುವರಿ ಎಸೆತದಲ್ಲೂ 9 ಬೀಳಿಸಿದರೆ 190! ಒಂದೇ ಒಂದು ಸ್ಟ್ರೈಕ್ ಇಲ್ಲದೆ.

ನಮ್ಮಲ್ಲಿ ಒಳ್ಳೇ ಕೈ ಅಂದ್ರೆ ನಾಗಮಂಗಲದ್ದು. ಕಾಲೇಜು ಮುಗಿಸಿ ಹೋದ ಸೀನಿಯರ್ ಒಬ್ಬರು ಕೊಟ್ಟ ಹಳೇ ರೆಸಿನ್ ಚೆಂಡು ಅವನ ಬೆರಳಿಗೆ ಹೇಗೋ ಹೊಂದಿತ್ತು. ಲೇನಿನ ಮೊದಲ ಭಾಗಕ್ಕೆ, ಸಾಮಾನ್ಯವಾಗಿ 40 ಅಡಿಯ ಆಸುಪಾಸು, ಎಣ್ಣೆ ಬಳಿದಿರ್ತಾರೆ. ರೆಸಿನ್ ಚೆಂಡು ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ, ಒಣ ಜಾಗ ಸಿಕ್ಕ ತಕ್ಷಣ ಕಚ್ಚಿಕೊಂಡು ಎಡಕ್ಕೆ ತಿರುಗುತ್ತೆ. ಸ್ಟ್ರೈಕಿಗೆ ಅದೇ ಬೇಕು. ಆದರೆ ಬಲಗೈಯವರಿಗೆ ಪದೇಪದೇ ಉಳಿಯೋದು 10ನೇ ಪಿನ್, ಬಲತುದಿಯಲ್ಲಿ ಗಟರಿನ ಪಕ್ಕ. ತಿರುಗೋ ಚೆಂಡು ಅದರ ಹತ್ತಿರ ಹೋಗಿ ಮುಖ ತಿರುಗಿಸಿಕೊಂಡು ಬಂದುಬಿಡುತ್ತೆ, ಮುನಿಸಿಕೊಂಡ ನೆಂಟರ ಹಾಗೆ. ಅದಕ್ಕೇ ಸ್ಪೇರ್ ಚೆಂಡು. ನುಣುಪಾದ ಪಾಲಿಯೆಸ್ಟರ್ ಮೈ. ಎಣ್ಣೆಯಿರಲಿ ಒಣಗಿರಲಿ ಹೆಚ್ಚುಕಮ್ಮಿ ನೇರ ಹೋಗುತ್ತೆ.

ಅಂತರ ಕಾಲೇಜು ಪಂದ್ಯ ಹತ್ತಿರ ಬಂದಿತ್ತು. ಎಲ್ಲರೂ ದುಡ್ಡು ಹಾಕಿ ಅವನಿಗೊಂದು ಸ್ಪೇರ್ ಚೆಂಡು ಕೊಳ್ಳೋಣ ಅಂತಾಯ್ತು. ಕೆ.ಆರ್.ಪೇಟೆ ಆ ತಿಂಗಳ ಮೆಸ್ ಬಿಲ್ಲೇ ಕಟ್ಟಿರಲಿಲ್ಲ. ಆದರೂ ಎಲ್ಲರಿಗಿಂತ ಮೊದಲು 1,000 ರೂಪಾಯಿ ತಂದು ಮಂಚದ ಮೇಲಿಟ್ಟ. ಎಲ್ಲಿಂದ ತಂದೆ ಅಂತ ಯಾರೂ ಕೇಳಲಿಲ್ಲ.

ಕೊಂಡ ಚೆಂಡಿಗೆ ತೂತು ಕೊರೆಯೋದು ಒಬ್ಬನ ಕೈ ಅಳತೆಗೆ. ನಾಗಮಂಗಲ ಹಿಡಿದಿದ್ದು ಅದನ್ನೇ. “ನನ್ ಕೈಗೆ ಕೊರ್ಸುದ್ರೆ ನಿಮ್ಗೇನ್ಲಾ ಉಳೀತದೆ? ಮುಂದಿನ್ ವರ್ಷ ನಾನಿರಾಕಿಲ್ಲ. ಅಲ್ಲಿ ಜೋಡ್ಸಿರೋ ಬಾಡ್ಗೆ ಚೆಂಡೂ ಪ್ಲಾಸ್ಟಿಕ್ಕೇ ತಾನೆ?” ಅಂದವನೇ ಆ 1,000 ಎತ್ತಿ ಕೆ.ಆರ್.ಪೇಟೆಯ ಜೇಬಿಗೆ ತುರುಕಿದ.

ಅವನು ಹೇಳಿದ್ದು ನಿಜ. ಬೌಲಿಂಗ್ ಸೆಂಟರಿನ ಚೆಂಡುಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನವೇ. ಆರಿಸೋಕೆ ಮಾತ್ರ ತಾಳ್ಮೆ ಬೇಕು. ನಾವು ಒಂದು ಇಡೀ ಸಂಜೆ ಅದಕ್ಕೇ ಕಳೆದೆವು, ಅಲ್ಲಿನ ಅಣ್ಣ ನಮ್ಮನ್ನ ಅನುಮಾನದಿಂದ ನೋಡ್ತಿದ್ರು. ಮೊದಲು ಹೆಬ್ಬೆರಳು ಪೂರ್ತಿ ಹಾಕಿ. ಬಿಗಿಯಾದರೆ ಬಿಡುವಾಗ ಸಿಕ್ಕಿಕೊಳ್ಳುತ್ತೆ. ಸಡಿಲವಾದರೆ ಹಿಂಡಿ ಹಿಡೀತೀರಿ, ಆಗ ಮಣಿಕಟ್ಟು ತಿರುಗುತ್ತೆ, ಜೊತೆಗೆ ಚೆಂಡೂ. ಆಮೇಲೆ ಮಧ್ಯದ ಎರಡು ಬೆರಳು ಚಾಚಿ: ಎರಡನೇ ಗೆಣ್ಣಿನ ಗೆರೆ ತೂತಿನ ಒಳ ಅಂಚನ್ನು ಸ್ವಲ್ಪವೇ ದಾಟಬೇಕು. ತೂಕ ಕೊನೆಗೆ. 16 ಪೌಂಡಿನದನ್ನು ಎತ್ತಿ ಶೂರತನ ತೋರಿಸೋದು ಬೇಡ. ಒಂಟಿ ಪಿನ್ ಕೆಡವೋಕೆ ಭಾರ ಬೇಕಿಲ್ಲ.

ಎಸೆಯುವಾಗ ಎಡಬದಿಗೆ ನಿಂತು, ಲೇನನ್ನು ಅಡ್ಡ ಹಾಯಿಸಿ ಬಲಮೂಲೆಗೆ ಬಿಡಬೇಕು. ಪಿನ್ ನೋಡಬಾರದು, 15 ಅಡಿ ಆಸುಪಾಸಿನಲ್ಲಿರೋ ಬಾಣದ ಗುರುತು ನೋಡಬೇಕು. ಕೈ ಕುಲುಕೋಕೆ ಚಾಚಿದ ಹಾಗೆ ಕೊನೆವರೆಗೂ ನೆಟ್ಟಗಿರಲಿ.

ಪಂದ್ಯದಲ್ಲಿ ನಾಗಮಂಗಲಕ್ಕೆ 10ನೇ ಪಿನ್ ಐದು ಸಲ ಉಳಿಯಿತು. ನಾಲ್ಕು ಸಲ ಕೆಡವಿದ, ಬಣ್ಣ ಮಾಸಿದ 12 ಪೌಂಡಿನ ಬಾಡಿಗೆ ಚೆಂಡಲ್ಲಿ. ನಮ್ಮದು ಮೂರನೇ ಸ್ಥಾನ. ಈಗ ಆ ಚೆಂಡು ಕೆ.ಆರ್.ಪೇಟೆಯ ಕೈಗೆ ಬಂದಿದೆ. ನಾವು ಹೋದಾಗ ಅಲ್ಲಿನ ಅಣ್ಣನೇ ತೆಗೆದಿಟ್ಟಿರ್ತಾರೆ. ಶ್ರೀರಂಗಪಟ್ಟಣದವನ ದಪ್ಪ ಹೆಬ್ಬೆರಳಿಗೆ ಹೊಂದೋ ಚೆಂಡು ಮಾತ್ರ ಇನ್ನೂ ಸಿಕ್ಕಿಲ್ಲ. ಹುಡುಕ್ತಾ ಇದ್ದೀವಿ.