ಹಸಿ ಸಗಣಿ ಕಂಡ್ರೆ ಕಾಲು ಬ್ರೇಕ್ ಮೇಲಿರಲಿ

ನನಗೆ ಕಾರು ಕಲಿಸಿದ್ದು ನಮ್ಮ ಚಿಕ್ಕಪ್ಪ. ಶಿಕಾರಿಪುರ-ಸೊರಬ ಮಧ್ಯೆ ಇಪ್ಪತ್ತೈದು ವರ್ಷ ಪ್ರೈವೇಟ್ ಬಸ್ ಓಡಿಸಿದವರು. ಮೊದಲ ದಿನವೇ ಬೈಸಿಕೊಂಡೆ.

"ಬಾನೆಟ್ ಏನ್ ನೋಡ್ತೀಯೋ? ಅದೆಲ್ಲೂ ಓಡಿಹೋಗಲ್ಲ. ದೂರ ನೋಡು!"

ದೂರ ಅಂದ್ರೆ ಎಷ್ಟು ಅಂತ ಕೇಳಿದೆ. "ಹತ್ತು ಎಣಿಸೋದ್ರೊಳಗೆ ಗಾಡಿ ಎಲ್ಲಿಗೆ ಹೋಗಿರುತ್ತೋ ಅಲ್ಲಿ ಕಣ್ಣಿರ್ಬೇಕು" ಅಂದ್ರು.

ಅವರ ಪಾಠ ಎಲ್ಲಾ ಹೀಗೇ... ರಸ್ತೆ ಮೇಲೆ ಹಸಿ ಸಗಣಿ ಕಂಡ್ರೆ ತಿರುವಿನಾಚೆ ದನ ಇದಾವೆ. ಒಂದು ಹಸು ದಾಟಿದ್ರೆ ಹಿಂದೆ ಕರು ಬರುತ್ತೆ. ಬಸ್ ನಿಂತಿದ್ರೆ ಅದರ ಮುಂದಿನಿಂದ ಯಾರೋ ಓಡಿ ಬರ್ತಾರೆ. ನಾನು ಒಳಗೊಳಗೇ ನಗ್ತಿದ್ದೆ. ಬೆಂಗಳೂರಲ್ಲಿ ಸಗಣಿ ಎಲ್ಲಿಂದ ಹುಡುಕಲಿ? :-)

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಶಿಕಾರಿಪುರದಲ್ಲಿ ನೆಂಟರ ಮನೆ ಊಟ ಮುಗಿಸಿ ರಾತ್ರಿ ಸೊರಬಕ್ಕೆ ಹೊರಟಿದ್ದೆ. ಪಕ್ಕದ ಸೀಟಲ್ಲಿ ಅಮ್ಮ ತೂಕಡಿಸ್ತಿದ್ರು. ಬಳ್ಳಿಗಾವಿ, ತಾಳಗುಂದ ನೋಡೋಕೆ ಹಗಲಲ್ಲಿ ಶಿರಾಳಕೊಪ್ಪದ ಕಡೆ ಬಂದವರಿಗೆ ಇದು ಚಂದದ ದಾರಿ. ಆದ್ರೆ ಸುಗ್ಗಿ ಕಾಲದ ರಾತ್ರಿಯ ಕಥೆಯೇ ಬೇರೆ. ಈ ಕಡೆ ಮೆಕ್ಕೆಜೋಳ ಜಾಸ್ತಿ. ಕಣ ಇಲ್ಲದವರು ಟಾರ್ ರಸ್ತೆ ಮೇಲೇ ಒಣಗಿಸ್ತಾರೆ. ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಿ ಸುತ್ತ ಕಲ್ಲಿಡ್ತಾರೆ. ಕಪ್ಪು ರಸ್ತೆ ಮೇಲೆ ಕಪ್ಪು ಟಾರ್ಪಾಲ್!

ನಾನು 70ರಲ್ಲಿದ್ದೆ. ಒಂದು ಕಡೆ ರಸ್ತೆ ಅಂಚಲ್ಲಿ ಸಾಲಾಗಿ ಕಲ್ಲು, ಚೆಲ್ಲಿದ ಕಾಳು ಕಂಡ್ವು. ಚಿಕ್ಕಪ್ಪನ ಸಗಣಿ ನೆನಪಾಯ್ತು. ಇಲ್ಲಿ ಕಲ್ಲಿದ್ರೆ ಮುಂದೆ ಎಲ್ಲೋ ರಾಶಿ ಇದೆ ಅಂತ 40ಕ್ಕೆ ಇಳಿಸಿದೆ. ಅಷ್ಟರಲ್ಲಿ ಎದುರಿಂದ ಬಸ್ಸು, ಹೈ ಬೀಮ್, ಏನೂ ಕಾಣ್ತಿಲ್ಲ. ಅಂಥಾ ಹೊತ್ತಲ್ಲಿ ಎದುರಿನ ಲೈಟ್ ನೋಡದೆ ಎಡಗಡೆ ಅಂಚು ನೋಡಬೇಕು ಅನ್ನೋದೂ ಅವರದ್ದೇ ಪಾಠ. ನೋಡಿದೆ. ಅಂಚೇ ಇರಲಿಲ್ಲ... ಟಾರ್ಪಾಲ್ ಇತ್ತು.

ಬ್ರೇಕ್ ಒತ್ತಿದೆ. ಕಾಳಿನ ಮೇಲೆ ಸ್ವಲ್ಪ ಜಾರಿ ರಾಶಿಗೆ ಎರಡು ಮಾರು ದೂರದಲ್ಲಿ ಕಾರು ನಿಂತಿತು. ಅಮ್ಮ ಗಾಬರಿಯಿಂದ ಎದ್ದರು. ಆಗ ರಾಶಿಯ ಆ ಮಗ್ಗುಲಿಂದ ಕಂಬಳಿ ಹೊದ್ದ ಒಬ್ಬ ಅಜ್ಜ ಎದ್ದು ಕೂತರು. ಜೋಳ ಕಾಯೋಕೆ ಅಲ್ಲೇ ಮಲಗಿದ್ರು!

"ಯಾರಪ್ಪಾ ಅದು?"

"ಸೊರಬಕ್ಕೆ ಹೋಗೋರು ಅಜ್ಜ" ಅಂದೆ. ಬಾಯಿ ಒಣಗಿತ್ತು. ಇಲ್ಲಿ ಯಾಕೆ ಮಲಗ್ತೀರಿ ಅಂತ ಬೈಯಬೇಕು ಅನ್ನಿಸಿತು, ಬೈಯೋಕಾಗಲಿಲ್ಲ. ಅವರಾದ್ರೂ ವರ್ಷದ ಬೆಳೆ ಬಿಟ್ಟು ಎಲ್ಲಿ ಹೋಗಿ ಮಲಗ್ತಾರೆ?

ಮನೆಗೆ ಬಂದು ಲೆಕ್ಕ ಹಾಕಿದೆ. 70ರಲ್ಲಿ ಸೆಕೆಂಡಿಗೆ 19 ಮೀಟರ್‌ಗಿಂತ ಜಾಸ್ತಿ, 40ರಲ್ಲಿ ಸುಮಾರು 11. ಕಂಡಿದ್ದು ತಲೆಗೆ ಹೋಗಿ ಕಾಲು ಬ್ರೇಕ್ ಮುಟ್ಟೋಕೇ ಒಂದು ಸೆಕೆಂಡ್ ಬೇಕು. ವೇಗ ಎರಡರಷ್ಟಾದ್ರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲೋ ದೂರ ನಾಲ್ಕರಷ್ಟಾಗುತ್ತೆ. ಅಂದ್ರೆ 70ರಲ್ಲೇ ಇದ್ದಿದ್ರೆ ಆ ರಾತ್ರಿ ನನ್ನ ಕಣ್ಣು ಎಷ್ಟು ಚುರುಕಾಗಿದ್ರೂ ಪ್ರಯೋಜನ ಇರಲಿಲ್ಲ. ಕಾಣೋವಷ್ಟು ದೂರದೊಳಗೆ ನಿಲ್ಲಿಸೋಕಾಗೋವಷ್ಟೇ ವೇಗ ಇರ್ಬೇಕು, ಅಷ್ಟೇ.

ಬೆಳಿಗ್ಗೆ ಚಿಕ್ಕಪ್ಪಂಗೆ ಹೇಳಿದೆ. ಅವರಿಗೀಗ ಕಣ್ಣಿನ ಪೊರೆ, ಸ್ಟೇರಿಂಗ್ ಮುಟ್ಟಲ್ಲ. ಶಹಬ್ಬಾಸ್ ಅಂತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು:

"ಕಲ್ಲು ಕಾಣೋ ತನಕ 70ರಲ್ಲಿ ಯಾಕಿದ್ದೆ?"

ಉತ್ತರ ಇರಲಿಲ್ಲ. ನಿಮ್ಮ ಹತ್ರ ಇದೆಯಾ?