ಓದದೆ ಸಹಿ ಮಾಡಿದ ಕಾಗದ

ಮಠದ ಪಾಠಶಾಲೆಯಲ್ಲಿ ನಾವು ಓದುತ್ತಿದ್ದಾಗ, ಅರ್ಥ ತಿಳಿಯದ ಒಂದು ಪದವನ್ನೂ ದಾಟಿ ಮುಂದೆ ಹೋಗುವಂತಿರಲಿಲ್ಲ. ಮೂಲ, ಟೀಕೆ, ಟಿಪ್ಪಣಿ ಮೂರನ್ನೂ ಗುರುಗಳಿಗೆ ಒಪ್ಪಿಸಿದ ಮೇಲೆಯೇ ಪ್ರಸಾದ. ಆ ಶಿಸ್ತಿನಲ್ಲಿ ಬೆಳೆದು, ಓಲೆಗರಿಗಳ ಪಾಠಗಳನ್ನು ಪರಿಷ್ಕರಿಸುತ್ತಲೇ ಆಯುಷ್ಯವನ್ನು ಸವೆಸಿದ ನಾವು, ಆರೋಗ್ಯ ವಿಮೆಯ ಪಾಲಿಸಿಯೊಂದನ್ನು ಮಾತ್ರ ಒಂದು ಪುಟವನ್ನೂ ಓದದೆ ಏಳು ವರ್ಷ ನವೀಕರಿಸುತ್ತ ಬಂದೆವು. ವರ್ಷಕ್ಕೊಮ್ಮೆ ಕಂತು ಕಟ್ಟಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ನಂಬಿದ್ದೆವು.

2022ರಲ್ಲಿ ನಮ್ಮ ಮನೆಯವರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ರಾತ್ರಿ ಮಗಳು ಜೊತೆಗಿರಲು ಅನುಕೂಲವಾಗಲೆಂದು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ದಿನಕ್ಕೆ 5,000 ರೂಪಾಯಿಯ ಕೋಣೆ ಹಿಡಿದೆವು. ನಮ್ಮ ವಿಮೆ ಮೂರು ಲಕ್ಷದ್ದು. ಕೋಣೆಯ ಬಾಡಿಗೆಗೆ ಅದರ ಶೇ. 1, ಅಂದರೆ 3,000 ರೂಪಾಯಿ ಮಿತಿ. ನಾಲ್ಕು ದಿನಕ್ಕೆ ಹೆಚ್ಚೆಂದರೆ 8,000 ರೂಪಾಯಿ ಕೈಯಿಂದ ಹೋದೀತೆಂದು ನಾವು ಲೆಕ್ಕ ಹಾಕಿದ್ದೆವು. ಬಿಡುಗಡೆಯ ದಿನ ನಮ್ಮ ಪಾಲಿಗೆ ಬಂದದ್ದು 40,000!

ಕಾರಣವನ್ನು ವಿಚಾರಿಸಲಾಗಿ, ಕೋಣೆಯು ಮಿತಿಯನ್ನು ಮೀರಿದರೆ ಅದೇ ಪ್ರಮಾಣದಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಎಲ್ಲವೂ ಕಡಿತವಾಗುತ್ತವೆಂದು ತಿಳಿಯಿತು. ಆ 80,000ದಲ್ಲಿ 48,000 ಮಾತ್ರ ಸಂದಿತು. ಔಷಧಿಯ ಹಣವಷ್ಟೇ ಪೂರ್ತಿ ದೊರೆಯಿತು. ಎಣಿಕೆಯ ಮೇಜಿನ ಹುಡುಗ ವಿನಯದಿಂದಲೇ, “ಗುರುಗಳ, ಇದೆಲ್ಲಾ ಪಾಲಿಸಿಯೊಳಗ ಬರ್ದೈತ್ರಿ, ನೀವು ಓದಿಲ್ಲೇನ್ರಿ?” ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಹಸ್ತಪ್ರತಿಯೊಂದರ ಮುದ್ರಣಕ್ಕೆಂದು ಕೂಡಿಟ್ಟ ಹಣ ಅಲ್ಲಿಗೆ ಸಂದಿತು. “ನಾ ಜನರಲ್ ವಾರ್ಡಿನ್ಯಾಗ ಇದ್ದಿದ್ದರ ಆಗ್ತಿತ್ತಲ್ಲ” ಎಂದು ನಮ್ಮ ಮನೆಯವರು ನೊಂದುಕೊಂಡಾಗ ನಮಗಾದ ನಾಚಿಕೆ ಆ ನಷ್ಟಕ್ಕಿಂತ ದೊಡ್ಡದು. ತಪ್ಪು ಅವರದಾಗಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಪಾಠದಂತೆ ಓದತೊಡಗಿದೆವು. ಸುಧಾರಣೆಗಳು ಆಗಿಲ್ಲವೆನ್ನಲಾಗದು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರಿಸಬೇಕೆಂದು ವಿಧಿಸಿತು. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಕಂತನ್ನು ತನ್ನ ಸಮಾಲೋಚನೆಯಿಲ್ಲದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬಾರದೆಂದಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಶೇ. 18ರ ಜಿಎಸ್‌ಟಿಯೂ ಇಲ್ಲವಾಯಿತು.

ಇವೆಲ್ಲ ಸ್ವಾಗತಾರ್ಹವೇ. ಆದರೆ ಕೋಣೆಯ ಮಿತಿಯುಳ್ಳ ಪಾಲಿಸಿಗಳು ಇಂದಿಗೂ ಇವೆ. ಬಿಲ್ಲಿನಲ್ಲಿ ಇಂತಿಷ್ಟು ಪಾಲು ರೋಗಿಯದೇ ಎನ್ನುವ ನಿಬಂಧನೆಗಳೂ ಇವೆ. ಕಡಿಮೆ ಕಂತಿನ ಪಾಲಿಸಿ ಅಗ್ಗವೆಂದು ತೋರುವುದು ಕಟ್ಟುವ ದಿನ. ಅದರ ನಿಜವಾದ ಬೆಲೆ ತಿಳಿಯುವುದು ಆಸ್ಪತ್ರೆಯಿಂದ ಹೊರಡುವ ದಿನ. ಕೊಟ್ಟ ಹಣಕ್ಕೆ ತಕ್ಕ ಫಲ ದೊರೆಯಬೇಕಾದರೆ ಎರಡನ್ನೂ ತೂಗಿ ನೋಡಬೇಕು.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುಧಾರಣೆ ಸದ್ದಿಲ್ಲದೆ ಬಂದದ್ದು. 2024ರ ಜನವರಿ 1ರಿಂದ ಪ್ರತಿಯೊಂದು ಪಾಲಿಸಿಯ ಜೊತೆಗೆ, ಅದರ ಮಿತಿಗಳನ್ನೂ ಹೊರತುಗಳನ್ನೂ ಸರಳವಾಗಿ ತಿಳಿಸುವ ಮಾಹಿತಿ ಪತ್ರವನ್ನು ಕೊಡಬೇಕು. ಗ್ರಾಹಕನು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ನಾವು ಬಯಸಬೇಕು, ಅಷ್ಟೇ. ಕೇಳದವರಿಗೆ ಈ ಹಕ್ಕು ಇದ್ದೂ ಇಲ್ಲದಂತೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದರೆ ಹಿಂದಿರುಗಿಸಲೂಬಹುದು. ಅನ್ಯಾಯವಾಯಿತೆನಿಸಿದರೆ ಮೊದಲು ಕಂಪನಿಗೆ ಬರೆದು ದೂರಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್‌ರಲ್ಲಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ.

ಆದುದರಿಂದ ತಾಯಂದಿರಲ್ಲಿ, ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಮುಂದಿನ ಕಂತು ಕಟ್ಟುವ ಮೊದಲು ಆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಮನೆಮಂದಿಯೆಲ್ಲ ಕುಳಿತು, ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ತಿಳಿಯದ ಪದವನ್ನು ದಾಟಬೇಡಿರಿ. ಗುರುಗಳು ಬಾಲ್ಯದಲ್ಲಿ ಕಲಿಸಿದ ಈ ಪಾಠವನ್ನು ನಾವು ಅರವತ್ತು ದಾಟಿದ ಮೇಲೆ, 40,000 ರೂಪಾಯಿ ತೆತ್ತು ಮತ್ತೊಮ್ಮೆ ಕಲಿತೆವು. ಓದುಗರಿಗೆ ಅದು ಬಿಟ್ಟಿಯಾಗಿಯೇ ದೊರೆಯಲಿ.